ಕೂಗಳತೆ

ಆಪತ್ತಿಗಾದವನೇ ನೆಂಟ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ವಿದ್ಯಾರ್ಥಿಗಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಅವರು ಬರೆಯುವುದೂ ಗೊತ್ತಿದ್ದ ಮಾತೇ: ಮದುವೆಗೆ ಬಂದು ಉಂಡುಹೋದವನು ನೆಂಟನಲ್ಲ, ಮನೆಗೆ ಬೆಂಕಿ ಬಿದ್ದಾಗ ಕೊಡ ಹಿಡಿದು ಓಡಿಬಂದವನು ನೆಂಟ. ಮಗಳು ಓದಿಗೆಂದು ಬೆಂಗಳೂರಿಗೆ ಹೊರಟು ನಿಂತ ದಿನ ತನ್ನ ಫೋನಿನಲ್ಲೂ ನನ್ನ ಫೋನಿನಲ್ಲೂ ಒಂದು ಆ್ಯಪನ್ನು ಹಾಕಿ, "ಅಪ್ಪಾ, ಇನ್ನುಮೇಲೆ ಆಪತ್ತಿಗೆ ಇದೇ" ಎಂದಳು. ಆಪತ್ತಿಗೆ ಆ್ಯಪು! ಪ್ರಾಸವೇನೋ ಕೂಡಿಬಂತು. ಆದರೆ ನನ್ನ ಗಾದೆಯ ನೆಂಟನ ಗತಿ ಏನಾಯಿತು ಎಂಬ ಚಿಂತೆ ಅಂದೇ ತಲೆಯನ್ನು ಹೊಕ್ಕಿತು.

ಅದರ ಕೆಲಸ ಬಹಳ ಸರಳ. ಆಪತ್ತಿನಲ್ಲಿ ಸಿಕ್ಕವನು ಫೋನಿನ ಪವರ್ ಗುಂಡಿಯನ್ನು ಬೇಗಬೇಗ ಮೂರು ಸಲ ಒತ್ತಿದರೆ 112ಕ್ಕೆ ಕರೆ ಹೋಗುತ್ತದೆ. ಅವನು ನಿಂತ ಜಾಗ ಯಾವುದೆಂಬುದೂ ಜೊತೆಯಲ್ಲೇ ಹೋಗುತ್ತದೆ. ಹಳೆಯ ಗುಂಡಿಫೋನಾದರೆ 5ನ್ನೋ 9ನ್ನೋ ಒತ್ತಿ ಹಿಡಿಯಬೇಕು. ಪೊಲೀಸರಿಗೆ 100, ಬೆಂಕಿಗೆ 101, ಆಂಬುಲೆನ್ಸಿಗೆ 108 ಎಂದು ಬಾಯಿಪಾಠ ಮಾಡಿಕೊಂಡಿದ್ದ ನಮ್ಮಂಥವರಿಗೆ ಎಲ್ಲಕ್ಕೂ ಒಂದೇ ಸಂಖ್ಯೆ. 2018ರ ನವೆಂಬರಿನಲ್ಲಿ ಹಿಮಾಚಲ ಪ್ರದೇಶದಲ್ಲಿ ಮೊದಲಾಗಿ, ಆಮೇಲೆ ನಮ್ಮ ರಾಜ್ಯಕ್ಕೂ ಬಂತು. ಇದರ ಹಿಂದೆ ಇರುವುದು 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸೊಂದರಲ್ಲಿ ನಡೆದ ಘೋರ. ಆ ಹೆಣ್ಣುಮಗಳ ನೆನಪಿಗೆ ಹುಟ್ಟಿದ ನಿರ್ಭಯಾ ನಿಧಿಯಿಂದಲೇ ಈ ವ್ಯವಸ್ಥೆಗೆ ಹಣ ಬಂದದ್ದು. ಹಾಗಾಗಿ ಇದನ್ನು ಹಗುರವಾಗಿ ಆಡುವುದಕ್ಕೆ ನಾಲಗೆ ಬರುವುದಿಲ್ಲ.

ಆದರೂ ಆ ಮೂರು ಸಲ ಎಂಬುದನ್ನು ಕೇಳಿ ನನಗೆ ಒಳಗೇ ನಗು ಬಂತು. ನಮ್ಮಜ್ಜಿ ಹೇಳುತ್ತಿದ್ದಳು: ರಾತ್ರಿ ಹೊತ್ತು ಯಾರಾದರೂ ಹೆಸರು ಹಿಡಿದು ಕರೆದರೆ ಮೂರು ಸಲ ಕರೆಯುವವರೆಗೂ ಓಗೊಡಬೇಡ, ದೆವ್ವ ಒಂದೇ ಸಲ ಕರೆಯುತ್ತದೆ. ಊರೂರ ಬಾಗಿಲಮೇಲೆ 'ನಾಳೆ ಬಾ' ಎಂದು ಸುಣ್ಣದಲ್ಲಿ ಬರೆದ ಕಾಲ ನಮ್ಮಲ್ಲನೇಕರಿಗೆ ನೆನಪಿರಬಹುದು. ನಿಜವಾದ ಕರೆಗೂ ಹುಸಿಯಾದ ಕರೆಗೂ ಇರುವ ಅಂತರವನ್ನು ತಿಳಿಯಲು ಅಜ್ಜಿ ಕಂಡುಕೊಂಡ ಉಪಾಯವನ್ನೇ ಇಂಜಿನಿಯರುಗಳೂ ಕಂಡುಕೊಂಡಿದ್ದಾರೆ.

ಆ ಗುಂಡಿಯನ್ನು ನಾನು ನಿಜವಾಗಿ ಒತ್ತಿದ್ದು ಒಂದೇ ಸಲ, ಉಚ್ಚಂಗಿದುರ್ಗದ ಬೆಟ್ಟದಲ್ಲಿ.

ಉಚ್ಚಂಗಿದುರ್ಗ ಹರಪನಹಳ್ಳಿ ತಾಲ್ಲೂಕಿನ ಊರು. ಈ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆಗೆ ಬಂತು. ಮತ್ತೆ ಬಳ್ಳಾರಿಗೆ ಹೋಯಿತು. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಬೆಟ್ಟ ಮಾತ್ರ ಇದ್ದಲ್ಲೇ ಇದೆ. ಕದಂಬರ ಕಾಲದಿಂದ ಹೆಸರಾದ ಸ್ಥಳ, ನೊಳಂಬವಾಡಿಯ ಪಾಂಡ್ಯರ ಕೋಟೆ. ಹನ್ನೆರಡನೆಯ ಶತಮಾನದ ಕೊನೆಯ ಭಾಗದಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ಇದನ್ನು ಹಿಡಿದು ಗಿರಿದುರ್ಗಮಲ್ಲ ಎನ್ನಿಸಿಕೊಂಡ; ಸೋತ ಪಾಂಡ್ಯ ಮರೆಹೊಕ್ಕಾಗ ರಾಜ್ಯವನ್ನು ಅವನಿಗೇ ಹಿಂದಕ್ಕೆ ಕೊಟ್ಟ ಎಂದು ಶಾಸನಗಳು ಹೇಳುತ್ತವೆ. ಈಗ ಜನ ಬೆಟ್ಟ ಹತ್ತುವುದು ಕೋಟೆ ನೋಡಲೆಂದಲ್ಲ, ಉಚ್ಚಂಗೆಮ್ಮನ ದರ್ಶನಕ್ಕೆ. ಭರತ ಹುಣ್ಣಿಮೆಯಲ್ಲಿ ಬೆಟ್ಟದ ತುಂಬ ಜನ, ಬಾಯ ತುಂಬ 'ಉಧೋ ಉಧೋ'.

ನಾನು ಮೂವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದದ್ದು ಹುಣ್ಣಿಮೆ ಕಳೆದು ಹತ್ತು ದಿನವಾದ ಮೇಲೆ. ಬೆಳಿಗ್ಗೆ ಹತ್ತೂವರೆಗೇ ಬಂಡೆ ಕಾದು ಹಂಚಾಗಿತ್ತು. ನಾವು ಇಳಿದು ಬರುತ್ತಿದ್ದೆವು. ನಮ್ಮ ಮುಂದೆ ನಾಲ್ಕು ಮೆಟ್ಟಿಲ ಕೆಳಗೆ ಅರವತ್ತರ ಆಸುಪಾಸಿನ ಒಬ್ಬರು ಹೆಂಡತಿಯೊಡನೆ ಇಳಿಯುತ್ತಿದ್ದರು. ಇದ್ದಕ್ಕಿದ್ದಂತೆ ಅವರು ಎದೆಯ ಮೇಲೆ ಕೈಯಿಟ್ಟುಕೊಂಡು ಕುಳಿತರು. ಕುಳಿತವರು ಪಕ್ಕಕ್ಕೆ ವಾಲಿದರು. ಮುಖದ ತುಂಬ ಬೆವರು. ಆ ತಾಯಿ "ಯವ್ವಾ, ಉಚ್ಚೆಂಗೆವ್ವಾ" ಎಂದು ದೇವಿಯನ್ನು ಕೂಗಿದರು. ನಾನು ಜೇಬಿನಿಂದ ಫೋನು ತೆಗೆದು ಗುಂಡಿ ಒತ್ತಿದೆ.

ಸಿಗ್ನಲ್ಲಿನ ಗೀಟು ಒಂದೇ ಒಂದು ಇತ್ತು. ಆದರೂ ಕರೆ ಹೋಯಿತು. ಹೆಣ್ಣುದನಿಯೊಂದು ಕನ್ನಡದಲ್ಲಿ, ಅವಸರವಿಲ್ಲದೆ, ಕೇಳಬೇಕಾದ್ದನ್ನೆಲ್ಲ ಕೇಳಿತು. ಎಚ್ಚರ ಇದೆಯೇ, ಉಸಿರಾಡುತ್ತಿದ್ದಾರೆಯೇ, ವಯಸ್ಸೆಷ್ಟು. ನಾವು ಇರುವ ಜಾಗ ಆಕೆಗೆ ಆಗಲೇ ತಿಳಿದಿತ್ತು. ಆದರೆ ನಾವು ಮೆಟ್ಟಿಲ ನಡುವೆ ಇದ್ದೇವೆ ಎಂಬುದನ್ನು ನಾನೇ ಬಾಯಲ್ಲಿ ಹೇಳಬೇಕಾಯಿತು. ನಕ್ಷೆಯ ಮೇಲೆ ಎಂಥ ದುರ್ಗವೂ ಚಪ್ಪಟೆಯಲ್ಲವೆ! "ವಾಹನ ಕಳಿಸುತ್ತಿದ್ದೇವೆ. ಅವರನ್ನು ನಡೆಸಬೇಡಿ. ಕೆಳಗೆ ಎತ್ತಿಕೊಂಡು ಬರಲು ಆಗುತ್ತದೆಯೇ?" ಎಂದಳು. ನಾನು "ನೋಡುತ್ತೇವೆ" ಎಂದೆ.

ಈಗ ಹೇಳುವ ಮಾತನ್ನು ಹೇಳುವುದಕ್ಕೆ ಸಂಕೋಚವಾಗುತ್ತದೆ. "ನೋಡುತ್ತೇವೆ" ಎಂದ ನಾನು ಅಕ್ಷರಶಃ ನೋಡುತ್ತಲೇ ನಿಂತೆ. ಕರೆ ಮುಗಿದೊಡನೆ ನನ್ನ ಮನಸ್ಸಿಗೆ ಒಂದು ದೊಡ್ಡ ಸಮಾಧಾನ ಬಂದಿತ್ತು: ಮಾಡಬೇಕಾದ್ದನ್ನು ಮಾಡಿದೆ, ಸುದ್ದಿ ತಲುಪಬೇಕಾದಲ್ಲಿ ತಲುಪಿತು, ಬಲ್ಲವರು ಬರುತ್ತಾರೆ. ನಾನು ಫೋನಿನ ತೆರೆಯನ್ನು ನೋಡಿದೆ, ದಾರಿಯನ್ನು ನೋಡಿದೆ, ಮತ್ತೆ ತೆರೆಯನ್ನು ನೋಡಿದೆ. ವಿದ್ಯಾರ್ಥಿಗಳಲ್ಲೊಬ್ಬ "ಸಾರ್, ನಾನೂ ಒತ್ತಲಾ?" ಎಂದ. ಎಷ್ಟು ಹೊತ್ತು ಹೀಗೆ ಕಳೆಯಿತೋ ತಿಳಿಯದು. ಎರಡು ನಿಮಿಷವಿರಬಹುದು, ಐದೂ ಇರಬಹುದು.

ಮೆಟ್ಟಿಲ ಬದಿಯಲ್ಲಿ ಭಂಡಾರ, ಕುಂಕುಮ, ತೆಂಗಿನಕಾಯಿ ಇಟ್ಟುಕೊಂಡು ಕುಳಿತಿದ್ದ ಹೆಂಗಸು ಎದ್ದು ನಿಂತು, ಕೆಳಗೆ ಬಂಡೆಯ ಸಂದಿನಲ್ಲಿ ಕುರಿ ಬಿಟ್ಟುಕೊಂಡಿದ್ದವನನ್ನು ಕೂಗಿದಳು: "ಲೇ ಯಪ್ಪಾ, ಕಂಬಳಿ ತಗಂಡ್ ಬಾರೋ, ಮನಿಷ್ಯಾ ಬಿದ್ದಾನ!" ಅವನು ಬಂದ. ಬಂದವನು ಯಾರನ್ನೂ ಏನನ್ನೂ ಕೇಳಲಿಲ್ಲ. ಕಂಬಳಿ ಹಾಸಿ ಬಿದ್ದವರನ್ನು ಅದರ ಮೇಲೆ ಮಲಗಿಸಿ, ತಲೆಯೆತ್ತಿ ನನ್ನನ್ನು ನೋಡಿ, "ಏನ್ ಮಾಸ್ತರ್ರೇ, ನೋಡ್ಕಂತ ನಿಂತ್ರೆ ತಾನಾ ಇಳೀತಾನೇನು? ಹಿಡೀರಿ ಮೂಲಿ!" ಎಂದ. ನಾನು ಮೂಲೆ ಹಿಡಿದೆ. ಹುಡುಗರೂ ಹಿಡಿದರು. ಕೆಳಗೆ ಬರುವಷ್ಟರಲ್ಲಿ ನನ್ನ ಬೆರಳುಗಳಲ್ಲಿ ಬಲ ಉಳಿದಿರಲಿಲ್ಲ. ನಾವು ಬಂದು ಸ್ವಲ್ಪ ಹೊತ್ತಿಗೆ ವಾಹನವೂ ಬಂತು. ಅವರನ್ನು ದಾವಣಗೆರೆಗೆ ಕರೆದೊಯ್ದರು. ಕುರಿಯವನು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಮೂರು ದಿನದ ಮೇಲೆ ರೋಗಿಯ ಮಗ ನನಗೆ ಫೋನು ಮಾಡಿದರು. ಕರೆ ಮಾಡಿದ ಸಂಖ್ಯೆ ನನ್ನದಲ್ಲವೆ, ಅದನ್ನು ಎಲ್ಲಿಂದಲೋ ಕೇಳಿ ಪಡೆದಿದ್ದರು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರಂತೆ, ಪ್ರಾಣಭಯವಿಲ್ಲವಂತೆ. "ನಿಮ್ಮಿಂದ ನಮ್ಮಪ್ಪ ಉಳಿದರು ಸರ್" ಎಂದು ಗದ್ಗದರಾದರು. ನಾನು "ಅಯ್ಯೋ, ಅದರಲ್ಲೇನಿದೆ" ಎಂದೆ. ವಿನಯದ ಮಾತು ಎಷ್ಟು ಅನುಕೂಲವಾದದ್ದು ನೋಡಿ: ಅದು ಹೊಗಳಿಕೆಯನ್ನು ತಳ್ಳಿದಂತೆಯೂ ಆಗುತ್ತದೆ, ಇಟ್ಟುಕೊಂಡಂತೆಯೂ ಆಗುತ್ತದೆ. ಕಂಬಳಿಯವನ ವಿಷಯವನ್ನು ನಾನು ಹೇಳಲಿಲ್ಲ. ಫೋನು ಇಟ್ಟ ಮೇಲೆ ಹೇಳಬೇಕಾಗಿತ್ತೆಂದು ಹೊಳೆಯಿತೆಂದರೆ ಅದೂ ಪೂರ್ತಿ ನಿಜವಲ್ಲ. ಮಾತಾಡುತ್ತಿರುವಾಗಲೇ ಹೊಳೆದಿತ್ತು.

ಕನ್ನಡದಲ್ಲಿ ಓಗೊಡು ಎಂಬ ಮಾತಿದೆ. ಕರೆದವರಿಗೆ 'ಓ' ಎಂಬುದನ್ನು ಕೊಡುವುದು. ಎಷ್ಟು ಚೆನ್ನಾದ ಮಾತು! ಉತ್ತರ ಹೇಳುವುದಲ್ಲ, ಕೊಡುವುದು. ಕರೆ ಎಂಬುದು ಅರ್ಧ ಮಾತ್ರ. ಎಲ್ಲಿಂದಲೋ ಒಂದು ಓ ಬಂದು ಕೂಡಿಕೊಂಡಾಗಲೇ ಅದು ಇಡಿಯಾಗುವುದು. ಹಾಗೆಯೇ ಕೂಗಳತೆ ಎಂಬ ಮಾತು. ಗಜ, ಮೈಲಿ, ಹರದಾರಿಗಳಂತೆ ಇದೂ ದೂರವನ್ನು ಅಳೆಯುವ ಒಂದು ಮಾನ. ಆದರೆ ಅದರ ತುದಿಗೆ ಕಲ್ಲು ನೆಟ್ಟಿರುವುದಿಲ್ಲ, ಕೇಳುವ ಒಂದು ಕಿವಿ ಇರುತ್ತದೆ.

ಹಳಗನ್ನಡದಲ್ಲಿ ಇನ್ನೊಂದು ಶಬ್ದವಿದೆ, ಪುಯ್ಯಲ್. ನಮ್ಮ ಹುಯ್ಯಲು, ಹುಯಿಲು ಇದರಿಂದಲೇ ಬಂದವು. ಇಂದು ಹುಯಿಲೆಬ್ಬಿಸುವುದೆಂದರೆ ಸುಮ್ಮನೆ ಗುಲ್ಲು ಮಾಡುವುದೆಂದು ಅರ್ಥ. ಹಿಂದೆ ಅದು ನೆರವು ಬೇಡುವ ಕೂಗು. ವೀರಗಲ್ಲುಗಳನ್ನು ಓದಿದವರಿಗೆ ಗೊತ್ತು: ಊರಳಿವು, ತುರುಗೋಳ್, ಪೆಣ್ಬುಯ್ಯಲ್ ಎಂದು ವೀರರು ಸತ್ತ ಕಾರಣಗಳನ್ನು ಅಲ್ಲಿ ಹೇಳಿರುತ್ತದೆ. ಊರನ್ನು ಹಾಳುಗೆಡಹಲು ಬಂದಾಗ, ದನಗಳನ್ನು ಹೊಡೆದುಕೊಂಡು ಹೋದಾಗ, ಹೆಣ್ಣು ಮೊರೆಯಿಟ್ಟಾಗ ಎದ್ದು ಓಡಿದವನ ಕಲ್ಲು ಅದು. ಕೆಳಗಿನ ಪಟ್ಟಿಕೆಯಲ್ಲಿ ಅವನ ಕಾಳಗ, ನಡುವೆ ಅಪ್ಸರೆಯರು ಅವನನ್ನು ಒಯ್ಯುವುದು, ಮೇಲೆ ಕೈಲಾಸದಲ್ಲಿ ಅವನು ಕೈಮುಗಿದು ಕುಳಿತಿರುವುದು. ಕೂಗಿದವಳ ಹೆಸರು ಆ ಕಲ್ಲಿನಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಓಗೊಟ್ಟವನ ಹೆಸರು ಸಿಗುತ್ತದೆ. ಉಚ್ಚಂಗಿಯ ದಾಖಲೆಯಲ್ಲಿ ಅದು ತಿರುಗುಮುರುಗಾಗಿದೆ. ಕೂಗಿದ ನನ್ನ ಸಂಖ್ಯೆ ಇದೆ, ಹೊತ್ತು ಇದೆ, ಜಾಗವಿದೆ. ಕಂಬಳಿ ಇಲ್ಲ.

ಯಂತ್ರವನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ತಪ್ಪು ಯಂತ್ರದ್ದಲ್ಲ. ಅದು ಕರೆಯನ್ನು ಒಯ್ಯುತ್ತೇನೆಂದಿತು, ಒಯ್ದಿತು. ಕರೆ ಒಯ್ದದ್ದನ್ನೇ ನಾನು ನೆರವು ಎಂದು ಭಾವಿಸಿದೆ. ಆ ಎರಡು ನಿಮಿಷವೋ ಐದು ನಿಮಿಷವೋ ನನ್ನ ಮನಸ್ಸಿನಲ್ಲಿ ನಡೆದದ್ದೇನೆಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಅದು ಕ್ರೌರ್ಯವಲ್ಲ, ಹೆದರಿಕೆಯೂ ಅಷ್ಟಾಗಿ ಅಲ್ಲ. ಹೊಣೆಯನ್ನು ಸರಿಯಾದ ವಿಳಾಸಕ್ಕೆ ಅಂಚೆಗೆ ಹಾಕಿದವನ ನೆಮ್ಮದಿ.

1968ರಲ್ಲಿ ಡಾರ್ಲಿ ಮತ್ತು ಲಟಾನೆ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಬೇರೆ ಬೇರೆ ಕೋಣೆಗಳಲ್ಲಿ ವಿದ್ಯಾರ್ಥಿಗಳನ್ನು ಕೂರಿಸಿ, ಇಂಟರ್‌ಕಾಮಿನ ಮೂಲಕ ಮಾತಾಡಿಸಿದರು. ನಡುವೆ ಒಬ್ಬನಿಗೆ ಮೂರ್ಛೆರೋಗ ಬಂದಂತೆ, ಅವನು ನೆರವಿಗೆ ತೊದಲುವಂತೆ ಮೊದಲೇ ಮುದ್ರಿಸಿದ ದನಿಯನ್ನು ಕೇಳಿಸಿದರು. ತಾನೊಬ್ಬನೇ ಅದನ್ನು ಕೇಳುತ್ತಿದ್ದೇನೆಂದು ತಿಳಿದವರಲ್ಲಿ ನೂರಕ್ಕೆ 85 ಮಂದಿ ಆ ದನಿ ನಿಲ್ಲುವ ಮೊದಲೇ ಎದ್ದು ಹೋಗಿ ಸುದ್ದಿ ಕೊಟ್ಟರು. ಇನ್ನೂ ನಾಲ್ವರು ಕೇಳುತ್ತಿದ್ದಾರೆಂದು ತಿಳಿದವರಲ್ಲಿ ಹಾಗೆ ಎದ್ದವರು ನೂರಕ್ಕೆ 31. ಎಲ್ಲರ ಹೊಣೆ ಎಂದರೆ ಯಾರ ಹೊಣೆಯೂ ಅಲ್ಲವೆಂಬುದು ನಮಗೂ ಹೊಸದಲ್ಲ. ಕೌರವನ ಸಭೆಯಲ್ಲಿ ದ್ರೌಪದಿಯ ಮೊರೆ ಎಷ್ಟು ಹಿರಿಯ ಕಿವಿಗಳಿಗೆ ಬಿತ್ತು! ಭೀಷ್ಮರಿಗೆ ಧರ್ಮದ ಗತಿ ಸೂಕ್ಷ್ಮವೆನ್ನಿಸಿತು. ಕೌರವರ ಸಾಲಿನಿಂದಲೇ ಎದ್ದು ತಪ್ಪನ್ನು ತಪ್ಪೆಂದವನು ವಯಸ್ಸಿನಲ್ಲಿ ಕಿರಿಯನಾದ ವಿಕರ್ಣ. ದೊಡ್ಡ ಸಭೆಯಲ್ಲಿ ಪ್ರತಿಯೊಬ್ಬನಿಗೂ ತನಗಿಂತ ಬಲ್ಲವರು ಪಕ್ಕದಲ್ಲೇ ಕಾಣುತ್ತಾರೆ.

ನನ್ನ ಯೋಚನೆ ಇದು. ಹಿಂದೆ ಕಾಡುದಾರಿಯಲ್ಲಿ ಒಬ್ಬಂಟಿಯಾಗಿ ಹೋಗುವವನಿಗೆ ನರಳುವ ದನಿ ಕೇಳಿದರೆ ತಾನೊಬ್ಬನೇ ಕೇಳುತ್ತಿದ್ದೇನೆಂಬುದು ಅವನಿಗೆ ಖಚಿತವಾಗಿತ್ತು. ಅವನು ಆ 85ರ ಗುಂಪಿನವನು. ಈಗ ಜೇಬಿನಲ್ಲಿ ಫೋನು ಇರುವವನು ಎಂಥ ಕಾಡಿನಲ್ಲೂ ಒಬ್ಬಂಟಿಯಲ್ಲ. ಅವನ ಪಕ್ಕದಲ್ಲಿ ಎಲ್ಲವನ್ನೂ ಬಲ್ಲ, ಎಲ್ಲರನ್ನೂ ಕರೆಯಬಲ್ಲ ಇನ್ನೊಬ್ಬ ಸದಾ ನಿಂತಿರುತ್ತಾನೆ. ಬೆಟ್ಟದ ಮೆಟ್ಟಿಲಮೇಲೆ ನಾವು ನಾಲ್ವರಿದ್ದೆವು, ನಮ್ಮ ನಾಲ್ಕು ಫೋನುಗಳೂ ಇದ್ದುವು. ಒಟ್ಟು ಎಂಟು ಜನ! ಕಾಯಿ ಮಾರುವವಳ ಹತ್ತಿರವೂ ಫೋನು ಇದ್ದೀತು. ಆದರೆ ಅವಳಿಗೆ ಮೊದಲು ನೆನಪಾದದ್ದು ಕಂಬಳಿ ಇದ್ದವನು.

ಉಚ್ಚಂಗಿಗೆ ಬಹಳ ದೂರವಲ್ಲದ ಕೊಪ್ಪಳದಲ್ಲಿ 2017ರ ಫೆಬ್ರುವರಿಯಲ್ಲಿ ನಡೆದದ್ದನ್ನು ಓದುಗರು ಮರೆತಿರಲಾರರು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಹುಡುಗನಿಗೆ ಬಸ್ಸು ಬಡಿಯಿತು. ರಕ್ತದ ಮಡುವಿನಲ್ಲಿ ಬಿದ್ದು ಅವನು ನೆರವು ಬೇಡುತ್ತಿದ್ದರೆ ಸುತ್ತ ನಿಂತವರಲ್ಲಿ ಕೆಲವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಹುಡುಗ ಬದುಕಲಿಲ್ಲ. ಅಂದು ಪತ್ರಿಕೆಯಲ್ಲಿ ಅದನ್ನು ಓದಿ ನಾನು ಮನುಷ್ಯರೇ ಅಲ್ಲ ಇವರು ಎಂದು ಸ್ಟಾಫ್ ರೂಮಿನಲ್ಲಿ ಗುಡುಗಿದ್ದೆ. ಈಗ ಅಷ್ಟು ಗಟ್ಟಿಯಾಗಿ ಗುಡುಗಲಾರೆ. ಚಿತ್ರ ತೆಗೆಯುವುದಕ್ಕೂ ನಂಬರು ಒತ್ತಿ ಸುಮ್ಮನೆ ನಿಲ್ಲುವುದಕ್ಕೂ ಅಂತರವಿದೆ, ದೊಡ್ಡ ಅಂತರವೇ. ಆದರೆ ಬಿದ್ದಲ್ಲಿಂದ ನೋಡುವವನಿಗೆ ಎರಡೂ ಒಂದೇ ತೆರನಾಗಿ ಕಂಡಿರಬೇಕು: ಮುಖದ ಮುಂದೆ ಫೋನು ಹಿಡಿದು ನಿಂತ ಒಬ್ಬ ಮನುಷ್ಯ.

ಜನ ಹತ್ತಿರ ಹೋಗುವುದಿಲ್ಲ, ಕೋರ್ಟು ಕಚೇರಿಯ ಭಯ ಎಂದು ಹೇಳುವುದುಂಟು. ಆ ಭಯಕ್ಕೆ ಕಾರಣಗಳೂ ಇದ್ದುವು. ನೆರವಾದವರನ್ನು ಪೀಡಿಸಬಾರದೆಂಬ ನಿಯಮಗಳಿಗೆ ಸುಪ್ರೀಂ ಕೋರ್ಟು 2016ರಲ್ಲಿ ಬಲ ಕೊಟ್ಟಿತು. ಅದೇ ವರ್ಷ ನಮ್ಮ ರಾಜ್ಯದ ಶಾಸನಸಭೆಯೂ ಅಂಥವರ ರಕ್ಷಣೆಗೆ ಕಾನೂನು ಮಾಡಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಯಲ್ಲೇ ಅದಕ್ಕೊಂದು ಕಲಮು ಸೇರಿತು. 2021ರಲ್ಲಿ ಕೇಂದ್ರ ಸರ್ಕಾರ ಗಾಯಾಳುವನ್ನು ಬೇಗ ಆಸ್ಪತ್ರೆಗೆ ಮುಟ್ಟಿಸಿದವರಿಗೆ 5000 ರೂಪಾಯಿ ಬಹುಮಾನವನ್ನೂ ಗೊತ್ತುಮಾಡಿ, ಮುಂದೆ ಅದನ್ನು ಏರಿಸಿತು. ಒಳ್ಳೆಯ ಕಾನೂನುಗಳು. ಇವು ಭಯವನ್ನು ತೆಗೆಯಬಲ್ಲವು. ಬೆಟ್ಟದ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಭಯವಾಗಿದ್ದರೆ ನನಗೂ ಇವುಗಳಿಂದ ಉಪಕಾರವಾಗುತ್ತಿತ್ತು.

ಇಷ್ಟು ಹೇಳಿದ ಮೇಲೆ, ಹಳೆಯ ಕಾಲವೇ ಚೆನ್ನಾಗಿತ್ತು, ಕೂಗಿದರೆ ಊರೇ ಓಡಿಬರುತ್ತಿತ್ತು ಎಂದು ರಾಗ ಎಳೆಯುವುದು ಸುಲಭ. ಅದನ್ನು ನಾನು ಒಪ್ಪಲಾರೆ. ಕೂಗಿದ್ದು ಯಾರು ಎಂಬುದನ್ನು ನೋಡಿಕೊಂಡು ಓಡಿಬರುತ್ತಿದ್ದ ಊರು ಅದು. ಊರ ಹೊರಗಿನ ಕೇರಿಯಿಂದ ಬಂದ ಕೂಗಿಗೆ ಕಿವುಡಾದ ಊರುಗಳು ಎಷ್ಟಿರಲಿಲ್ಲ? ಗೋಡೆಯಾಚೆ ಗಂಡ ಹೆಂಡತಿಯನ್ನು ಹೊಡೆಯುತ್ತಿದ್ದರೆ ಅದು ಅವರ ಸಂಸಾರ ಎಂದು ರೇಡಿಯೋದ ದನಿ ಏರಿಸಿದ ಮನೆಗಳನ್ನು ನಾನೇ ಬಲ್ಲೆ. ಅಂಥ ಹೆಂಗಸಿಗೆ ಅಪಾಯವಿರುವುದೇ ಕೂಗಳತೆಯ ಒಳಗೆ. ಬಾಯಿ ತೆರೆಯದೆ, ಸೆರಗಿನ ಮರೆಯಲ್ಲಿ ಮೂರು ಸಲ ಒತ್ತಿ ದೂರದವರನ್ನು ಕರೆಯಬಹುದೆಂಬುದು ಅವಳ ಪಾಲಿಗೆ ಸಣ್ಣ ಸಂಗತಿಯಲ್ಲ.

ದೂರದ ಕಿವಿಯೂ ಪುಕ್ಕಟೆಯಾಗಿ ಬಂದದ್ದಲ್ಲ. 1935ರಲ್ಲಿ ಲಂಡನ್ನಿನ ವಿಂಪೋಲ್ ಬೀದಿಯ ಮನೆಗೆ ಬೆಂಕಿ ಬಿದ್ದು ಐವರು ಹೆಂಗಸರು ಸತ್ತರು. ನೆರೆಯಾತ ಟೆಲಿಫೋನು ಎತ್ತಿದ್ದ. ಎಕ್ಸ್‌ಚೇಂಜಿನಲ್ಲಿ ಅವನ ಕರೆ ಸರದಿಯಲ್ಲಿ ಕಾಯುತ್ತ ಕುಳಿತಿತು. ಅವನು ಸಿಟ್ಟಿನಿಂದ ಪತ್ರಿಕೆಯ ಸಂಪಾದಕರಿಗೆ ಕಾಗದ ಬರೆದ. ವಿಚಾರಣೆ ನಡೆದು 1937ರ ಜೂನ್ 30ರಂದು 999 ಎಂಬ ಸಂಖ್ಯೆ ಬಂತು. ನಮ್ಮ 112ರ ವಂಶವೃಕ್ಷದಲ್ಲಿ ಅದು ಅಜ್ಜ. ಸಂಪಾದಕರಿಗೆ ಬರೆದ ಕಾಗದದಿಂದ ಏನೂ ಆಗುವುದಿಲ್ಲ ಎನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಆದರೆ ಉಚ್ಚಂಗಿಯ ಬೆಟ್ಟದ ಮೇಲೆಯೇ ಈ ಗುಂಡಿಯ ಅಳವಿಗೆ ಸಿಗದ ಒಂದು ಆಪತ್ತಿದೆ. ಸವದತ್ತಿಯಂತೆ ಇಲ್ಲಿಯೂ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವರಿಗೆ ಬಿಡುವ ಪದ್ಧತಿ ಬಹುಕಾಲ ನಡೆಯಿತು. 1982ರ ಕಾನೂನು ಅದನ್ನು ನಿಷೇಧಿಸಿತು. ಇಂದಿಗೂ ಭರತ ಹುಣ್ಣಿಮೆ ಬಂದರೆ ಕದ್ದುಮುಚ್ಚಿ ನಡೆದೀತೆಂದು ಕಾವಲು ಕಾಯಬೇಕಾಗಿದೆ. ಆ ಹುಡುಗಿಯನ್ನು ಯೋಚಿಸಿ. ಹೊಸ ಸೀರೆ, ಕೈತುಂಬ ಬಳೆ, ಸುತ್ತ ತಂದೆ ತಾಯಿ, ಬಂಧುಬಳಗ, ಸಾವಿರ ಬಾಯಿಯ ಉಧೋ. ಅವಳು ಯಾರನ್ನು ಕೂಗಬೇಕು? ಏಕೆ ಕೂಗಬೇಕೆಂದು ತಾನೇ ಅವಳಿಗೆ ಹೇಗೆ ತಿಳಿಯಬೇಕು? ಆಪತ್ತು ಹಬ್ಬದ ಉಡುಪಿನಲ್ಲಿ ಬಂದು ತಾಯಿಯ ಕೈಹಿಡಿದು ನಿಂತಿದೆ. ಮಕ್ಕಳಿಗಾಗಿ 1098 ಎಂಬ ಸಂಖ್ಯೆ ಇದೆ, ಒಳ್ಳೆಯದೇ. ಅದನ್ನು ಒತ್ತಬೇಕಾದವನು ಅವಳಲ್ಲ, ಜನರ ನಡುವೆ ನಿಂತು ಅವಳನ್ನು ನೋಡುತ್ತಿರುವ ಇನ್ನೊಬ್ಬ. ಅವಳು ಕೂಗದೆಯೇ ಅವನು ಓಗೊಡಬೇಕು. ಎಂಥ ಆ್ಯಪು ಇದನ್ನು ಕಲಿಸೀತು, ನಾನರಿಯೆ.

112ರ ಆ್ಯಪಿನಲ್ಲಿ ನನಗೆ ಬಹಳ ಹಿಡಿಸಿದ ಒಂದು ಅಂಶವುಂಟು. ಹೆಂಗಸರಿಗೆಂದೇ ಅದರಲ್ಲಿ 'ಶೌಟ್' ಎಂಬ ಏರ್ಪಾಡನ್ನು 2018ರಲ್ಲೇ ಇಟ್ಟರು. ಶೌಟ್ ಎಂದರೆ ಕೂಗು. ಅದನ್ನು ಒತ್ತಿದರೆ ಪೊಲೀಸರಿಗೆ ಮಾತ್ರವಲ್ಲ, ನೆರವಾಗುತ್ತೇವೆಂದು ಮೊದಲೇ ಹೆಸರು ಬರೆಸಿ ಆಸುಪಾಸಿನಲ್ಲಿರುವ ಸ್ವಯಂಸೇವಕರಿಗೂ ಸುದ್ದಿ ಹೋಗಬೇಕು. ಉಪಗ್ರಹಗಳನ್ನೆಲ್ಲ ಸುತ್ತಿ ಬಂದ ಬುದ್ಧಿ ಕೊನೆಗೆ ಪೆಣ್ಬುಯ್ಯಲಿಗೇ ಬಂದು ನಿಂತಿತಲ್ಲ ಎಂದು ಸಂತೋಷವಾಯಿತು. ಹೆಸರು ಬರೆಸಿದವರು ನಮ್ಮ ಬೀದಿಯಲ್ಲಿ ಯಾರಿದ್ದಾರೆ? ನಾಲ್ಕಾರು ಸ್ನೇಹಿತರನ್ನು ಕೇಳಿದೆ. ಆ್ಯಪು ಎಲ್ಲರಲ್ಲೂ ಇತ್ತು. ಎಲ್ಲರೂ ಕರೆಯುವ ಕಡೆಯವರೇ.

ನಾನು ಇನ್ನೊಮ್ಮೆ ಬೆಟ್ಟಕ್ಕೆ ಹೋದೆ. ಯುಗಾದಿ ಕಳೆದಿತ್ತು. ಕಾಯಿ ಮಾರುವವಳು ಅದೇ ಮೆಟ್ಟಿಲ ಬದಿಯಲ್ಲಿದ್ದಳು. ಅಂದು ಕಂಬಳಿ ತಂದವನು ಯಾರು, ಎಲ್ಲಿರುತ್ತಾನೆ ಎಂದು ಕೇಳಿದೆ. "ಯಾವತ್ತು?" ಎಂದಳು. ನೆನಪು ಮಾಡಿಕೊಟ್ಟೆ. "ಬಿಸ್ಲಾಗ ಯಾರರ ಬೀಳ್ತಾನ ಇರ್ತಾರ್ರೀ. ಆಗ ಯಾರ್ ಹತ್ರ ಇರ್ತಾರ ಅವ್ರು ಬರ್ತಾರ" ಎಂದು ಕಾಯಿಗೆ ನೀರು ಚಿಮುಕಿಸತೊಡಗಿದಳು. ಕುರಿಯವರು ಮಂದೆ ಹೊಡೆದುಕೊಂಡು ಬೇರೆ ಕಡೆಗೆ ಹೋಗಿದ್ದರು. ರೋಗಿಯ ಮಗನಿಗೆ ನಾನೇ ಫೋನು ಮಾಡಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರು ಒಂದು ಗಳಿಗೆ ಸುಮ್ಮನಿದ್ದು, "ಅಮ್ಮ ಆಗಲೇ ಹೇಳಿದ್ದರು ಸರ್" ಎಂದರು.

ಇದಾದ ಕೆಲವು ವಾರಕ್ಕೆ ಒಂದು ರಾತ್ರಿ ಎರಡು ಗಂಟೆಗೆ ನನ್ನ ಫೋನು ಕಿರುಚಿಕೊಂಡಿತು. ಮಗಳ ಹೆಸರು, ಕೆಂಪು ಅಕ್ಷರ, ನಕ್ಷೆಯ ಮೇಲೆ ಮಿನುಗುವ ಒಂದು ಚುಕ್ಕೆ. ಮಗಳು ಎಲ್ಲಿದ್ದಾಳೆಂಬುದು ನನಗೆ ಗಜ ಗಜದ ಲೆಕ್ಕದಲ್ಲಿ ಗೊತ್ತಿತ್ತು. ದಾವಣಗೆರೆಯ ಮನೆಯ ಹಜಾರದಲ್ಲಿ ಬರಿಗಾಲಲ್ಲಿ ನಿಂತು ಆ ಚುಕ್ಕೆಯನ್ನು ನೋಡಿದೆನೇ ಹೊರತು ಇನ್ನೇನು ಮಾಡಬೇಕೆಂದು ತೋಚಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಆರು ಸಲ ಮಾಡಿದ ಮೇಲೆ ಎತ್ತಿ, "ನಿದ್ದೆಯಲ್ಲಿ ಒತ್ತಿಹೋಯ್ತು ಅಪ್ಪಾ, ದಿಂಬಿನ ಕೆಳಗಿತ್ತು" ಎಂದಳು. ಮೂರು ಸಲ ಕರೆಯುವ ದೆವ್ವವೂ ಇದೆಯೆಂದು ಅಜ್ಜಿಗೆ ತಿಳಿದಿರಲಿಲ್ಲ. ನನ್ನ ಹೆಂಡತಿ ನೀರು ತಂದುಕೊಟ್ಟು, "ನಿಜವಾಗಿದ್ದಿದ್ದರೆ ಅಲ್ಲಿ ಪಕ್ಕದ ಕೋಣೆಯಲ್ಲಿ ಯಾರಿದ್ದಾರೆ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಮರುದಿನ ಮಗಳನ್ನು ಕೇಳಿದೆ. ಆರು ತಿಂಗಳಿಂದ ಅಲ್ಲಿದ್ದರೂ ಅವಳಿಗೂ ಗೊತ್ತಿರಲಿಲ್ಲ. ತಿಳಿದುಕೊ ಎಂದೆ.

ಹೇಳಿದವನು ಮೊದಲು ತಾನು ಮಾಡಬೇಕಷ್ಟೆ. ಆಪತ್ತಿನಲ್ಲಿ ಸುದ್ದಿ ಕೊಡಬೇಕಾದವರ ಪಟ್ಟಿಯನ್ನು ನನ್ನ ಫೋನಿನಲ್ಲಿ ತೆರೆದು ನೋಡಿದೆ. ಮೂರು ಹೆಸರು ಇದ್ದುವು. ಬೆಂಗಳೂರಿನಲ್ಲಿರುವ ಮಗಳು, ಪುಣೆಯಲ್ಲಿರುವ ತಮ್ಮ, ಧಾರವಾಡದಲ್ಲಿರುವ ಗೆಳೆಯ. ಇವರೆಲ್ಲ ನನಗಾಗಿ ಕಣ್ಣೀರಿಡಬಲ್ಲವರು. ಕಂಬಳಿಯ ಮೂಲೆ ಹಿಡಿಯಬಲ್ಲವರು ಒಬ್ಬರೂ ಅಲ್ಲ.

ನಮ್ಮ ಪಕ್ಕದ ಮನೆಯವರಿಗೂ ನಮಗೂ ಎರಡು ವರ್ಷದಿಂದ ಮಾತಿಲ್ಲ. ನಮ್ಮ ತೆಂಗಿನ ಮರದ ಗರಿಯೊಂದು ಅವರ ಕಾರಿನ ಮೇಲೆ ಬಿದ್ದದ್ದು ಕಾರಣ. ಯಾರ ತಪ್ಪೆಂಬುದನ್ನು ಇಲ್ಲಿ ಬರೆದರೆ ನನ್ನ ಪಕ್ಷವನ್ನೇ ಬರೆದೇನು, ಬಿಡಿ. ಒಂದು ಭಾನುವಾರ ಬೆಳಿಗ್ಗೆ, ಹೆಂಡತಿಗೂ ಹೇಳದೆ, ಹೋಗಿ ಅವರ ಗೇಟು ತಟ್ಟಿದೆ. ಪತ್ರಿಕೆ ಕೈಯಲ್ಲಿ ಹಿಡಿದುಕೊಂಡೇ ಬಾಗಿಲಿಗೆ ಬಂದರು. ಹೀಗೆ ಹೀಗೆ, ಆಪತ್ಕಾಲಕ್ಕೆ ಇರಲಿ, ತಮ್ಮ ಫೋನ್ ನಂಬರು ಬೇಕಾಗಿತ್ತು ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನೂ, ಎರಡು ಮನೆಗಳ ನಡುವಣ ನಾಲ್ಕಡಿ ಗೋಡೆಯನ್ನೂ ನೋಡಿದರು. "ನಂಬರ್ ಯಾಕ್ರೀ ಮೇಷ್ಟ್ರೇ, ಕೂಗಿದ್ರೆ ಕೇಳಿಸಲ್ವೇನ್ರಿ?" ಎಂದರು. ಆಮೇಲೆ ಒಳಗೆ ಹೋಗಿ ಒಂದು ಚೀಟಿಯಲ್ಲಿ ನಂಬರನ್ನೂ ಬರೆದುಕೊಂಡು ಬಂದರು.